ಪೊರೆಯ ಬಾಗಿಲು, ಮದ್ರಾಸಿನ ನಕ್ಷೆ

1963ರಲ್ಲಿ ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ ಪತ್ರಿಕೆಯಲ್ಲಿ ಐದು ಪುಟಗಳ ಒಂದು ಲೇಖನ ಪ್ರಕಟವಾಯಿತು. ಬರೆದವರು ಮದ್ರಾಸ್ ವಿಶ್ವವಿದ್ಯಾಲಯದ ಮೂವರು: ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್. ಲೇಖನದ ತಿರುಳು ಒಂದು ಚೌಕ. ಚೌಕದ ಅಡ್ಡಗೆರೆಯ ಮೇಲೆ ಒಂದು ಕೋನ, ಲಂಬಗೆರೆಯ ಮೇಲೆ ಇನ್ನೊಂದು ಕೋನ, ಒಳಗೆ ಗೆರೆ ಎಳೆದು ಗುರುತಿಸಿದ ಕೆಲವು ದ್ವೀಪಗಳು. ದ್ವೀಪದ ಒಳಗಿರುವುದು ಸಾಧ್ಯ, ಸುತ್ತಲಿನ ಖಾಲಿ ಜಾಗವೆಲ್ಲ ಅಸಾಧ್ಯ. ಅದು ಹೇಳಿದ್ದು ಇಷ್ಟೇ. ಇವತ್ತು ಜಗತ್ತಿನ ಯಾವ ಪ್ರಯೋಗಾಲಯದವರು ಪ್ರೋಟೀನೊಂದರ ಆಕಾರ ಕಂಡುಹಿಡಿದರೂ ಅದನ್ನು ಈ ಚೌಕದ ಮೇಲಿಟ್ಟು ಪರೀಕ್ಷಿಸುತ್ತಾರೆ. ಅದರ ಹೆಸರು ರಾಮಚಂದ್ರನ್ ನಕ್ಷೆ.

ಈ ಪ್ರಬಂಧದ ವಿಷಯ ಜೀವಕೋಶದ ಪೊರೆ. ಹಾಗಿದ್ದರೆ ಮದ್ರಾಸಿನಿಂದ ಏಕೆ ಶುರು ಮಾಡಬೇಕು? ಪೊರೆಯು ಕೊಬ್ಬಿನಿಂದ ಆಗಿದೆ ಎಂಬುದು ಖಚಿತವಾಗಲು 1925 ಬರಬೇಕಾಯಿತು. ಆ ಕೊಬ್ಬಿನ ಗೋಡೆಯಲ್ಲಿ ಬಾಗಿಲುಗಳು ಹೇಗೆ ನಿಂತಿವೆ ಎಂದು ತಿಳಿಯಲು ಮತ್ತೆ ಐವತ್ತು ವರ್ಷ ಹಿಡಿಯಿತು. ಬಾಗಿಲುಗಳನ್ನು ಅಳೆಯುವ ಕೋಲು ಮಾತ್ರ ಸಿದ್ಧವಾದದ್ದು ಮದ್ರಾಸಿನ ಗಿಂಡಿಯಲ್ಲಿ, ಪೊರೆಯ ಬಗ್ಗೆ ಯೋಚಿಸುತ್ತಲೇ ಇರದ, ಪ್ರಾಣಿಗಳ ಚರ್ಮದ ಒಗಟು ಬಿಡಿಸಲು ಕೂತಿದ್ದ ಜನರ ಕೈಯಲ್ಲಿ. ವಿಜ್ಞಾನದ ಇತಿಹಾಸದಲ್ಲಿ ಇಂಥ ಅಡ್ಡದಾರಿಗಳು ಬಹಳ. ಆದರೆ ಈ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಕೊನೆಯವರೆಗೂ ಹಿಂಬಾಲಿಸಿದರೆ ಮಾತ್ರ ಗೊತ್ತಾಗುತ್ತದೆ.

ಎಣ್ಣೆಯ ಗೋಡೆ

ಕನ್ನಡದ ‘ಪೊರೆ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಹಾವು ಬಿಡುವುದು ಪೊರೆ, ವಯಸ್ಸಾದವರ ಕಣ್ಣಿಗೆ ಬರುವುದೂ ಪೊರೆ: ಅಂದರೆ ತೆಳುವಾದ ಹೊದಿಕೆ. ಇನ್ನೊಂದು ಪೊರೆ ಕ್ರಿಯಾಪದ: ಕಾಪಾಡು, ಸಾಕಿ ಸಲಹು. ನಮ್ಮ ಪಠ್ಯಪುಸ್ತಕದವರು ‘ಕೋಶಪೊರೆ’ ಎಂದು ಬರೆದಾಗ ಮೊದಲನೆಯ ಅರ್ಥವಷ್ಟೇ ಅವರ ಮನಸ್ಸಿನಲ್ಲಿದ್ದಿರಬಹುದು. ಆದರೆ ಕೋಶಪೊರೆ ಮಾಡುವ ಕೆಲಸಕ್ಕೆ ಎರಡನೆಯ ಅರ್ಥವೇ ಹೆಚ್ಚು ಹತ್ತಿರ. ಹೊದಿಕೆ ಸುಮ್ಮನೆ ಮುಚ್ಚುತ್ತದೆ. ಪೊರೆಯುವವರು ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂದು ನೋಡಿಕೊಳ್ಳುತ್ತಾರೆ.

ಈ ಪೊರೆಯನ್ನು ಯಾರೂ ಬಹುಕಾಲ ಕಂಡಿರಲಿಲ್ಲ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಕಂಡದ್ದು ಸತ್ತ ಸಸ್ಯಕೋಶಗಳ ದಪ್ಪ ಗೋಡೆಗಳನ್ನು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರಿಗಿಂತ ಚಿಕ್ಕದಾದದ್ದು ಸ್ಪಷ್ಟವಾಗಿ ಕಾಣುವುದಿಲ್ಲ. ಪೊರೆಯ ದಪ್ಪ ಏಳೆಂಟು ನ್ಯಾನೋಮೀಟರ್. ಹಾಗಾಗಿ ಅದು ಇದೆ ಎಂಬುದನ್ನು ಕಣ್ಣಿನಿಂದಲ್ಲ, ಅದರ ನಡತೆಯಿಂದ ಊಹಿಸಬೇಕಾಗಿತ್ತು.

ಊಹೆಯ ಮೊದಲ ಸುಳಿವು ಅಡುಗೆಮನೆಯಲ್ಲೇ ಇದೆ. ನೀರಿನ ಮೇಲೆ ಎಣ್ಣೆಯ ಹನಿ ಬಿದ್ದರೆ ಹರಡುತ್ತದೆ. ಎಷ್ಟು ಹರಡುತ್ತದೆ? 1774ರಲ್ಲಿ ಪ್ರಕಟವಾದ ಬರಹವೊಂದರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲಂಡನ್ ಬಳಿಯ ಕ್ಲಾಪಮ್‌ನ ಕೊಳಕ್ಕೆ ಒಂದು ಟೀ ಚಮಚದಷ್ಟು ಎಣ್ಣೆ ಸುರಿದದ್ದನ್ನೂ ಅರ್ಧ ಎಕರೆಯಷ್ಟು ನೀರು ಕನ್ನಡಿಯ ಹಾಗೆ ಶಾಂತವಾದದ್ದನ್ನೂ ಹೇಳಿದ. ಭಾಗಾಕಾರ ಮಾಡಿದರೆ ಆ ಎಣ್ಣೆಯ ಪದರದ ದಪ್ಪ ಸುಮಾರು ಎರಡು ನ್ಯಾನೋಮೀಟರ್ ಆಗುತ್ತದೆ, ಅಂದರೆ ಒಂದು ಕೊಬ್ಬಿನ ಅಣುವಿನ ಉದ್ದ. ಫ್ರಾಂಕ್ಲಿನ್ ಆ ಲೆಕ್ಕ ಮಾಡಲಿಲ್ಲ. ಅಣುಗಳ ಗಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ.

1890ರ ದಶಕದಲ್ಲಿ ಜ್ಯೂರಿಕ್‌ನಲ್ಲಿದ್ದ ಚಾರ್ಲ್ಸ್ ಅರ್ನೆಸ್ಟ್ ಓವರ್ಟನ್ ನೂರಾರು ರಾಸಾಯನಿಕಗಳನ್ನು ಒಂದೊಂದಾಗಿ ಕೋಶಗಳ ಮೇಲೆ ಪ್ರಯೋಗಿಸಿ ನೋಡಿದ. ಎಣ್ಣೆಯಲ್ಲಿ ಕರಗುವ ವಸ್ತುಗಳು ಕೋಶದೊಳಕ್ಕೆ ಸಲೀಸಾಗಿ ನುಗ್ಗುತ್ತಿದ್ದವು, ನೀರಿನಲ್ಲಿ ಮಾತ್ರ ಕರಗುವಂಥವು ಹೊರಗೇ ಉಳಿಯುತ್ತಿದ್ದವು. ಹಾಗಾದರೆ ಕೋಶದ ಹೊರಮೈ ಎಣ್ಣೆಯಂಥದ್ದೇ ಇರಬೇಕು.

1925ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಮಕ್ಕಳ ವೈದ್ಯನಾಗಿದ್ದ ಎವರ್ಟ್ ಗೋರ್ಟರ್ ಮತ್ತು ಅವನ ಜೊತೆಗಾರ ಗ್ರೆಂಡಲ್ ಕೆಂಪು ರಕ್ತಕಣಗಳನ್ನು ಅಸಿಟೋನಿನಲ್ಲಿ ಅದ್ದಿ ಅವುಗಳ ಕೊಬ್ಬನ್ನೆಲ್ಲ ತೆಗೆದರು. ಅದನ್ನು ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ ಅಳೆದರು. ಬಂದ ವಿಸ್ತೀರ್ಣ ರಕ್ತಕಣಗಳ ಮೇಲ್ಮೈಯ ಎರಡರಷ್ಟಿತ್ತು. ಹಾಗಾಗಿ ಪೊರೆ ಎರಡು ಪದರದ್ದು. ಒಂದೊಂದು ಕೊಬ್ಬಿನ ಅಣುವಿಗೂ ನೀರನ್ನು ಪ್ರೀತಿಸುವ ತಲೆ, ನೀರಿಗೆ ಹೆದರುವ ಬಾಲ. ಎರಡು ಸಾಲುಗಳು ಬಾಲಕ್ಕೆ ಬಾಲ ಕೊಟ್ಟು ನಿಲ್ಲುತ್ತವೆ, ತಲೆಗಳು ಒಳಗಿನ ಮತ್ತು ಹೊರಗಿನ ನೀರಿನ ಕಡೆ ಮುಖ ಮಾಡುತ್ತವೆ. ಅವರ ಪ್ರಯೋಗದಲ್ಲಿ ಎರಡು ತಪ್ಪುಗಳಿದ್ದವು: ಅಸಿಟೋನ್ ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ರಕ್ತಕಣದ ಮೇಲ್ಮೈಯನ್ನೂ ಅವರು ಕಡಿಮೆ ಲೆಕ್ಕ ಹಾಕಿದ್ದರು. ಒಂದು ತಪ್ಪು ಇನ್ನೊಂದನ್ನು ಹೊಡೆದುಹಾಕಿ ಉತ್ತರ ಸರಿಯಾಯಿತು.

ಬಾಗಿಲು ಎಲ್ಲಿ?

ಎಣ್ಣೆಯ ಗೋಡೆಯಿಂದ ಒಂದು ಸಮಸ್ಯೆ ಬಗೆಹರಿದು ದೊಡ್ಡದೊಂದು ಹುಟ್ಟಿಕೊಂಡಿತು. ಕೋಶಕ್ಕೆ ಸಕ್ಕರೆ ಬೇಕು, ಉಪ್ಪಿನ ಅಯಾನುಗಳು ಬೇಕು. ಇವು ಯಾವುವೂ ಎಣ್ಣೆಯನ್ನು ದಾಟಲಾರವು. ನರದೊಳಗಿನ ಸಂಕೇತ ಎಂದರೆ ಸೋಡಿಯಂ ಅಯಾನುಗಳು ಒಳಕ್ಕೆ ನುಗ್ಗಿ, ಪೊಟ್ಯಾಸಿಯಂ ಅಯಾನುಗಳು ಹೊರಕ್ಕೆ ಹರಿಯುವುದು ಎಂದು 1952ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಲೆಕ್ಕಸಮೇತ ತೋರಿಸಿದರು. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಇದು ಆಗಿಹೋಗುತ್ತದೆ. ಎಣ್ಣೆಯ ಗೋಡೆಯಲ್ಲಿ ಇಷ್ಟು ಚುರುಕಾದ ಬಾಗಿಲು ಎಲ್ಲಿದೆ?

ಪೊರೆಯಲ್ಲಿ ಪ್ರೋಟೀನ್ ಇದೆಯೆಂಬುದು ಗೊತ್ತಿತ್ತು. ಆದರೆ ಅದನ್ನು ಎಲ್ಲಿಡಬೇಕು ಎಂದು ಗೊತ್ತಿರಲಿಲ್ಲ. 1935ರಲ್ಲಿ ಡಾವ್‌ಸನ್ ಮತ್ತು ಡೇನಿಯೆಲ್ಲಿ ಕೊಬ್ಬಿನ ಎರಡೂ ಮಗ್ಗುಲಿಗೆ ಪ್ರೋಟೀನ್ ಲೇಪಿಸಿದ ಚಿತ್ರ ಕೊಟ್ಟರು: ಬ್ರೆಡ್ಡಿನ ಎರಡು ಹಲ್ಲೆಗಳ ನಡುವೆ ಬೆಣ್ಣೆ ಇದ್ದಂತೆ. 1950ರ ದಶಕದ ಕೊನೆಗೆ ಡೇವಿಡ್ ರಾಬರ್ಟ್‌ಸನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪೊರೆಯನ್ನು ಕಪ್ಪು, ಬಿಳಿ, ಕಪ್ಪು ಗೆರೆಗಳಾಗಿ ಕಂಡಾಗ ಈ ಚಿತ್ರವೇ ಸರಿ ಎಂದು ಬಹುತೇಕ ಎಲ್ಲರೂ ಒಪ್ಪಿಕೊಂಡರು. ಪ್ರೋಟೀನನ್ನು ಎಣ್ಣೆಯ ಒಳಕ್ಕೇ ತೂರಿಸುವುದು ಆಗದ ಕೆಲಸ ಎನ್ನಿಸಿತ್ತು. ಅದಕ್ಕೆ ಬಲವಾದ ಕಾರಣವೂ ಇತ್ತು. ಆ ಕಾರಣಕ್ಕೆ ಮುಂದೆ ಬರುತ್ತೇನೆ.

ಇದೇ ದಶಕಗಳಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಸಸ್ಯಶಾಸ್ತ್ರಜ್ಞರೊಬ್ಬರು ಸಸ್ಯಗಳ ಅಂಗಾಂಶಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಿದ್ದರು: ‘ಹಸುರು ಹೊನ್ನು’ ಬರೆದ ಬಿ. ಜಿ. ಎಲ್. ಸ್ವಾಮಿ. ಅವರಂಥ ನುರಿತ ಕಣ್ಣಿಗೂ ಕಾಣುತ್ತಿದ್ದುದು ಕೋಶದ ಗೋಡೆಯೇ ಹೊರತು ಅದಕ್ಕೆ ಅಂಟಿಕೊಂಡ ಪೊರೆಯಲ್ಲ. ಪೊರೆಯ ಬಾಗಿಲನ್ನು ಕಾಣಬೇಕಾದರೆ ಕೋಶವನ್ನು ಬಿಟ್ಟು ಅಣುವಿನ ಮಟ್ಟಕ್ಕೆ ಇಳಿಯಬೇಕಿತ್ತು. ಆ ಇಳಿತ ಅದೇ ಊರಿನ ಇನ್ನೊಂದು ತುದಿಯಲ್ಲಿ ಶುರುವಾಗಿತ್ತು.

ಗಿಂಡಿಯ ಚರ್ಮದ ಒಗಟು

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಹುಟ್ಟಿದ್ದು 1922ರಲ್ಲಿ ಎರ್ನಾಕುಲಂನಲ್ಲಿ. ತಂದೆ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರು. ತಿರುಚಿರಾಪಳ್ಳಿಯಲ್ಲಿ ಭೌತವಿಜ್ಞಾನ ಓದಿ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು. ಸಿ. ವಿ. ರಾಮನ್ ಆ ಹುಡುಗನನ್ನು ನೋಡಿ ತಮ್ಮ ಭೌತವಿಜ್ಞಾನ ವಿಭಾಗಕ್ಕೆ ಎಳೆದುಕೊಂಡರು. ಅಲ್ಲಿಂದ ಕೇಂಬ್ರಿಜ್, ಮತ್ತೆ ಬೆಂಗಳೂರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಹೊಸ ಭೌತವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥರನ್ನು ಹುಡುಕುತ್ತಿದ್ದಾಗ ರಾಮನ್ ಸೂಚಿಸಿದ್ದು ಈ ಶಿಷ್ಯನ ಹೆಸರನ್ನೇ. ರಾಮಚಂದ್ರನ್‌ಗೆ ಇನ್ನೂ ಮೂವತ್ತು ತುಂಬುತ್ತಿತ್ತು.

ಅವರಿಗೆ ಗೊತ್ತಿದ್ದ ವಿದ್ಯೆ ಎಕ್ಸ್-ಕಿರಣಗಳಿಂದ ಹರಳುಗಳ ಒಳಗನ್ನು ಓದುವುದು. ಯಾವುದರ ಒಳಗನ್ನು ಓದಬೇಕು ಎಂಬುದು ತೀರ್ಮಾನವಾಗಿರಲಿಲ್ಲ. ಬ್ರಿಟನ್ನಿನ ಜೆ. ಡಿ. ಬರ್ನಾಲ್ ಮದ್ರಾಸಿಗೆ ಭೇಟಿ ಕೊಟ್ಟಾಗ, ಕೊಲ್ಯಾಜನ್ ಎಂಬ ಪ್ರೋಟೀನಿನ ರಚನೆ ಇನ್ನೂ ಬಗೆಹರಿದಿಲ್ಲ ಎಂದು ಮಾತಿನ ನಡುವೆ ಹೇಳಿದರು. ಚರ್ಮ, ಸ್ನಾಯುಬಂಧ, ಮೂಳೆ ಎಲ್ಲದರ ನಾರು ಕೊಲ್ಯಾಜನ್.

ಕೊಲ್ಯಾಜನ್‌ಗೆ ಮದ್ರಾಸಿಗಿಂತ ಒಳ್ಳೆಯ ಊರು ಬೇರೆ ಇರಲಿಲ್ಲ. ಚರ್ಮ ಹದ ಮಾಡುವುದೆಂದರೆ ರಾಸಾಯನಿಕವಾಗಿ ಕೊಲ್ಯಾಜನ್ನನ್ನು ಗಟ್ಟಿ ಮಾಡುವುದೇ, ಮತ್ತು ಮದ್ರಾಸು ಚರ್ಮದ ಊರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ಕ್ರೋಮ್ ಹದವನ್ನು ಬೆಳೆಸಿದ ಆಲ್ಫ್ರೆಡ್ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಬಂದ. ಕ್ರೋಮ್‌ಪೇಟೆ ಎಂಬ ಬಡಾವಣೆಯ ಹೆಸರಿನಲ್ಲಿ ಆ ಕಸುಬು ಈಗಲೂ ಉಳಿದಿದೆ. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಅಡಯಾರ್‌ನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಹುಟ್ಟಿತು. ರಾಮಚಂದ್ರನ್ ಕೆಲಸ ಮಾಡುತ್ತಿದ್ದ ಗಿಂಡಿಯ ಆವರಣಕ್ಕೆ ಅದು ತೀರ ಹತ್ತಿರ. ಅಲ್ಲಿಂದಲೇ ಅವರಿಗೆ ಕಾಂಗರೂ ಬಾಲದ ಸ್ನಾಯುಬಂಧದ ನಾರು ಸಿಕ್ಕಿತು. ಅಂಥ ಶುದ್ಧ, ನೀಟಾದ ನಾರಿನಿಂದ ಎಕ್ಸ್-ಕಿರಣದ ಚಿತ್ರ ಚೆನ್ನಾಗಿ ಬರುತ್ತದೆ.

1954ರ ಆಗಸ್ಟ್‌ನಲ್ಲಿ ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ‘ನೇಚರ್’ ಪತ್ರಿಕೆಯಲ್ಲಿ ಕೊಲ್ಯಾಜನ್ ಮೂರು ಎಳೆಗಳ ರಚನೆ ಎಂದು ಸಾರಿದರು. ಮರುವರ್ಷ ಅದನ್ನು ತಿದ್ದಿ, ಮೂರೂ ಎಳೆಗಳು ಹಗ್ಗ ಹೊಸೆದಂತೆ ಒಂದನ್ನೊಂದು ಸುತ್ತಿಕೊಂಡಿವೆ ಎಂದರು. ಕೊಲ್ಯಾಜನ್‌ನಲ್ಲಿ ಪ್ರತಿ ಮೂರನೆಯ ಅಮೈನೋ ಆಮ್ಲ ಗ್ಲೈಸೀನ್ ಆಗಿರುವುದೇಕೆ ಎಂಬುದಕ್ಕೂ ಇದರಲ್ಲಿ ಉತ್ತರವಿತ್ತು. ಹಗ್ಗದ ನಡುವಿನ ಇಕ್ಕಟ್ಟಿನಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಗ್ಲೈಸೀನ್ ಮಾತ್ರ ಹಿಡಿಯುತ್ತದೆ.

ಆಕ್ಷೇಪದಿಂದ ಹುಟ್ಟಿದ ನಕ್ಷೆ

1955ರಲ್ಲೇ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಆಕ್ಷೇಪ ಎತ್ತಿದರು. ಮೂರೆಳೆಯ ಹಗ್ಗ ಸರಿ, ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರ ಹತ್ತಿರ ಬಂದಿವೆ, ಹಾಗೆ ಬರಲಾರವು ಎಂದರು. ಮೂರು ಅಮೈನೋ ಆಮ್ಲಗಳಿಗೆ ಎರಡು ಹೈಡ್ರೊಜನ್ ಬಂಧ ಎಂದು ಮದ್ರಾಸಿನವರು ಹೇಳಿದ್ದರೆ ಇವರು ಒಂದೇ ಎಂದರು. 1994ರಲ್ಲಿ ಕೊಲ್ಯಾಜನ್‌ನಂಥ ಪೆಪ್ಟೈಡಿನ ಹರಳಿನ ರಚನೆ ಹೊರಬಂದಾಗ ಈ ಬಂಧದ ವಿಷಯದಲ್ಲಿ ರಿಚ್ ಮತ್ತು ಕ್ರಿಕ್ ಹೇಳಿದ್ದೇ ನಿಜವಾಯಿತು. ಹಗ್ಗ ಮಾತ್ರ ಮದ್ರಾಸಿನದೇ ಉಳಿಯಿತು.

ಅಂಥ ಆಕ್ಷೇಪಕ್ಕೆ ಸಾಮಾನ್ಯವಾಗಿ ಇರುವ ದಾರಿ ಎರಡು: ವಾದ ಮಾಡುವುದು, ಇಲ್ಲವೇ ಸುಮ್ಮನಾಗುವುದು. ರಾಮಚಂದ್ರನ್ ಮೂರನೆಯ ದಾರಿ ಹಿಡಿದರು. ಹತ್ತಿರ ಎಂದರೆ ಎಷ್ಟು ಹತ್ತಿರ? ಎರಡು ಪರಮಾಣುಗಳು ನಿಜವಾಗಿ ಎಷ್ಟು ಸಮೀಪ ಬರಬಲ್ಲವು? ಅಲ್ಲಿಯವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನೆಲ್ಲ ತೆಗೆದು ಅವರೂ ಶಶಿಶೇಖರನ್ನರೂ ಆ ಅಂತರಗಳನ್ನು ಪಟ್ಟಿ ಮಾಡಿದರು. ಪ್ರತಿ ಜೋಡಿಗೂ ಎರಡು ಮಿತಿ ಸಿಕ್ಕಿತು: ಸಾಮಾನ್ಯವಾಗಿ ಇರುವ ಅಂತರ, ಮತ್ತು ಅಪರೂಪಕ್ಕೆ ಕಾಣುವ ಕನಿಷ್ಠ ಅಂತರ.

ಆಮೇಲೆ ಕೊಲ್ಯಾಜನ್ನನ್ನು ಬದಿಗಿಟ್ಟು ಎಲ್ಲ ಪ್ರೋಟೀನುಗಳಿಗೂ ಅನ್ವಯಿಸುವ ಪ್ರಶ್ನೆ ಕೇಳಿದರು. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಣಿ. ಎರಡು ಕೊಂಡಿಗಳ ನಡುವಿನ ಪೆಪ್ಟೈಡ್ ಭಾಗ ಇಸ್ಪೀಟಿನ ಎಲೆಯ ಹಾಗೆ ಚಪ್ಪಟೆ ಎಂಬುದನ್ನು ಲೈನಸ್ ಪಾಲಿಂಗ್ ಮೊದಲೇ ತೋರಿಸಿದ್ದರು. ಹಾಗಾದರೆ ಒಂದೊಂದು ಕೊಂಡಿಯಲ್ಲೂ ತಿರುಗಲು ಇರುವುದು ಎರಡೇ ಕೀಲು. ಆ ಎರಡು ಕೋನಗಳಿಗೆ ಫೈ ಮತ್ತು ಸೈ ಎಂದು ಹೆಸರು. ಫೈಯನ್ನೂ ಸೈಯನ್ನೂ ಸುತ್ತ 360 ಡಿಗ್ರಿ ತಿರುಗಿಸುತ್ತಾ ಹೋಗಿ ಯಾವ ಭಂಗಿಯಲ್ಲಿ ಪರಮಾಣುಗಳು ಒಂದಕ್ಕೊಂದು ತಾಕುತ್ತವೆ ಎಂದು ನೋಡಬೇಕು. ತಾಕಿದರೆ ಅಡ್ಡಗೀಟು. ತಾಕದಿದ್ದರೆ ಅನುಮತಿ. ಮೇಜಿನ ಮೇಲಿಡುವ ಲೆಕ್ಕಯಂತ್ರಗಳಿಂದ ಹೀಗೆ ಲೆಕ್ಕ ಮಾಡಿ ಮುಗಿಸಿದಾಗ ಚೌಕದ ಕಾಲು ಭಾಗಕ್ಕಿಂತಲೂ ಕಡಿಮೆ ಜಾಗ ಉಳಿಯಿತು.

ಉಳಿದ ಜಾಗದಲ್ಲಿ ಮೂರು ದ್ವೀಪಗಳಿದ್ದವು. ಒಂದರಲ್ಲಿ ಚಾಚಿಕೊಂಡ ಎಳೆಗಳು, ಕೊಲ್ಯಾಜನ್ ಕೂಡ ಅಲ್ಲೇ. ಇನ್ನೊಂದರಲ್ಲಿ ಪಾಲಿಂಗ್ ಬಳಗ 1951ರಲ್ಲಿ ಕಂಡುಕೊಂಡಿದ್ದ ಬಲಸುತ್ತಿನ ಆಲ್ಫಾ ಸುರುಳಿ. ಮೂರನೆಯದು ಮೂಲೆಯಲ್ಲಿದ್ದ ಪುಟ್ಟ ದ್ವೀಪ, ಎಡಸುತ್ತಿನ ಸುರುಳಿಯದು. ಅಲ್ಲಿ ಹೋಗಿ ನಿಲ್ಲುವುದು ಹೆಚ್ಚಿನ ಅಮೈನೋ ಆಮ್ಲಗಳಿಗೆ ಕಷ್ಟ. ಗ್ಲೈಸೀನ್‌ಗೆ ಮಾತ್ರ ಪಕ್ಕದ ಕೊಂಬೆಯಿಲ್ಲದ ಕಾರಣ ಅದು ಸಲೀಸು. ಈ ಮೂಲೆಯ ದ್ವೀಪವನ್ನು ನೆನಪಿಡಿ.

ಎಣ್ಣೆಯೊಳಗೆ ಪ್ರೋಟೀನ್ ನಿಲ್ಲುವ ಬಗೆ

ಈಗ ಪೊರೆಗೆ ಮರಳೋಣ. ಪ್ರೋಟೀನನ್ನು ಎಣ್ಣೆಯೊಳಕ್ಕೆ ತೂರಿಸಲು ವಿಜ್ಞಾನಿಗಳು ಹಿಂಜರಿದದ್ದೇಕೆ? ಪೆಪ್ಟೈಡ್ ಸರಪಣಿಯ ಉದ್ದಕ್ಕೂ ನೀರಿನ ಜೊತೆ ಹೈಡ್ರೊಜನ್ ಬಂಧ ಬಯಸುವ ಗುಂಪುಗಳಿವೆ. ನೀರಿನಿಂದ ಎಣ್ಣೆಗೆ ಹೋದರೆ ಆ ಬಂಧಗಳು ಕಡಿಯುತ್ತವೆ. ಅದಕ್ಕೆ ತೆರಬೇಕಾದ ಶಕ್ತಿ ತುಂಬಾ ಹೆಚ್ಚು. ಪ್ರೋಟೀನುಗಳು ಎಣ್ಣೆಯ ಆಚೀಚೆಯೇ ಇರುತ್ತವೆ ಎಂದು ನಂಬಲು ಇದೇ ಕಾರಣ.

ಇದಕ್ಕೆ ಪಾರಾಗುವ ದಾರಿ ಒಂದೇ. ಸರಪಣಿ ತನ್ನ ಬಂಧಗಳನ್ನು ನೀರಿನ ಜೊತೆಯಲ್ಲದೆ ತನ್ನ ಜೊತೆಗೇ ಮಾಡಿಕೊಳ್ಳಬೇಕು. ಆಲ್ಫಾ ಸುರುಳಿ ಮಾಡುವುದು ಅದನ್ನೇ. ಅದರಲ್ಲಿ ಒಂದೊಂದು ಅಮೈನೋ ಆಮ್ಲ 0.15 ನ್ಯಾನೋಮೀಟರ್ ಎತ್ತರ ಏರುತ್ತದೆ. ಪೊರೆಯ ನಡುವಿನ ಎಣ್ಣೆಯ ಭಾಗ ಸುಮಾರು 3 ನ್ಯಾನೋಮೀಟರ್. ಭಾಗಿಸಿದರೆ ಇಪ್ಪತ್ತು. ಎಣ್ಣೆಯನ್ನು ಇಷ್ಟಪಡುವ ಇಪ್ಪತ್ತು ಅಮೈನೋ ಆಮ್ಲಗಳು ಒಂದೇ ಸಾಲಿನಲ್ಲಿ ಕಂಡರೆ ಅದು ಪೊರೆಯನ್ನು ದಾಟುವ ಸುರುಳಿ ಇರಬಹುದು ಎಂದು ಇವತ್ತಿಗೂ ಗುರುತಿಸುವುದು ಹೀಗೆಯೇ.

1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದು ನೋಡಿದರು. ಸುಮಾರು ನಲವತ್ತು ನಿಮಿಷದಲ್ಲಿ ಎರಡೂ ಕಡೆಯ ಪ್ರೋಟೀನುಗಳು ಒಂದರೊಳಗೊಂದು ಬೆರೆತುಹೋಗಿದ್ದವು. ಬ್ರೆಡ್ಡಿನ ಹಲ್ಲೆಯಂಥ ಗಟ್ಟಿ ಲೇಪನ ಹೀಗೆ ಹರಿದಾಡುವುದಿಲ್ಲ. 1972ರ ಫೆಬ್ರವರಿಯಲ್ಲಿ ಸಿಂಗರ್ ಮತ್ತು ನಿಕೋಲ್‌ಸನ್ ‘ಸೈನ್ಸ್’ ಪತ್ರಿಕೆಯಲ್ಲಿ ಈಗ ಎಲ್ಲ ಪಿಯುಸಿ ಪುಸ್ತಕಗಳಲ್ಲಿರುವ ಚಿತ್ರವನ್ನು ಕೊಟ್ಟರು: ಹರಿಯುವ ಕೊಬ್ಬಿನ ಕೆರೆ, ಅದರಲ್ಲಿ ಮುಳುಗಿ ತೇಲುವ ಪ್ರೋಟೀನುಗಳು, ಕೆಲವು ಈ ದಡದಿಂದ ಆ ದಡಕ್ಕೆ ಚಾಚಿದಂಥವು. 1975ರಲ್ಲಿ ಹೆಂಡರ್‌ಸನ್ ಮತ್ತು ಅನ್ವಿನ್ ಅಂಥ ಪ್ರೋಟೀನೊಂದನ್ನು ಪೊರೆಯಲ್ಲಿರುವಂತೆಯೇ ನೋಡಿ, ಏಳು ಸುರುಳಿಗಳು ಎಣ್ಣೆಯನ್ನು ದಾಟಿ ನಿಂತಿರುವುದನ್ನು ತೋರಿಸಿದರು.

ಬಲ, ಎಡ, ಬಲ, ಎಡ

ಇಷ್ಟರಲ್ಲಿ ರಾಮಚಂದ್ರನ್ ಮದ್ರಾಸ್ ಬಿಟ್ಟಿದ್ದರು. ಮುದಲಿಯಾರರ ಅವಧಿ 1969ರಲ್ಲಿ ಮುಗಿದ ಮೇಲೆ ಅವರೂ ಹೊರಟು, 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ಘಟಕವನ್ನು ಕಟ್ಟಿದರು. ಪೊರೆಗೂ ಅವರಿಗೂ ನೇರವಾದ ಸಂಬಂಧ ಬಂದದ್ದು ಈ ಹೊತ್ತಿನಲ್ಲಿ, ಗ್ರಾಮಿಸಿಡಿನ್ ಎಂಬ ಔಷಧದ ಮೂಲಕ.

1939ರಲ್ಲಿ ರೆನೆ ಡ್ಯೂಬೋ ಮಣ್ಣಿನ ಬ್ಯಾಕ್ಟೀರಿಯವೊಂದರಿಂದ ಇದನ್ನು ಬೇರ್ಪಡಿಸಿದ್ದ. ರೋಗಾಣುಗಳನ್ನು ಕೊಲ್ಲುತ್ತದೆ, ಆದರೆ ರಕ್ತಕ್ಕೆ ಸೇರಿದರೆ ಕೆಂಪು ಕಣಗಳನ್ನೂ ಒಡೆಯುತ್ತದೆ. ಹಾಗಾಗಿ ಅದರ ಬಳಕೆ ಹೊರಮೈಗೆ ಮಾತ್ರ. ಹದಿನೈದೇ ಅಮೈನೋ ಆಮ್ಲಗಳ ಈ ಪುಟ್ಟ ಸರಪಣಿಯಲ್ಲಿ ವಿಚಿತ್ರವೊಂದಿತ್ತು. ಅಮೈನೋ ಆಮ್ಲಗಳು ನಮ್ಮ ಎರಡು ಕೈಗಳ ಹಾಗೆ ಎರಡು ರೂಪದಲ್ಲಿ ಇರಬಲ್ಲವು, ಒಂದು ಇನ್ನೊಂದರ ಕನ್ನಡಿಬಿಂಬ. ಜೀವಿಗಳ ಪ್ರೋಟೀನುಗಳಲ್ಲಿ ಎಲ್ ಎಂಬ ಒಂದೇ ರೂಪ. ಗ್ರಾಮಿಸಿಡಿನ್‌ನಲ್ಲಿ ಮಾತ್ರ ಎಲ್, ಡಿ, ಎಲ್, ಡಿ ಎಂದು ಒಂದು ಬಿಟ್ಟು ಒಂದು. 1970ರಲ್ಲಿ ಹ್ಲಾಡ್ಕಿ ಮತ್ತು ಹೇಡನ್ ಕೃತಕ ಪೊರೆಗೆ ಇದನ್ನು ಸೇರಿಸಿ ವಿದ್ಯುತ್ ಅಳೆದಾಗ ಪ್ರವಾಹ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಒಂದೊಂದು ಮೆಟ್ಟಿಲೂ ಒಂದು ಬಾಗಿಲು ತೆರೆದದ್ದರ ಗುರುತು.

ಆ ಬಾಗಿಲಿನ ಆಕಾರ ಹೇಗಿದ್ದೀತು? 1971ರಲ್ಲಿ ಅಮೆರಿಕದ ಡಾನ್ ಅರಿ, ಇದು ನಡುವೆ ತೂತಿರುವ ಅಗಲವಾದ ಸುರುಳಿ, ಎರಡು ಸರಪಣಿಗಳು ತಲೆಗೆ ತಲೆ ಕೊಟ್ಟು ಪೊರೆಯನ್ನು ದಾಟುತ್ತವೆ ಎಂದ. 1972ರಲ್ಲಿ ರಾಮಚಂದ್ರನ್ ಮತ್ತು ಆರ್. ಚಂದ್ರಶೇಖರನ್ ‘ಇಂಡಿಯನ್ ಜರ್ನಲ್ ಆಫ್ ಬಯೋಕೆಮಿಸ್ಟ್ರಿ ಅಂಡ್ ಬಯೋಫಿಸಿಕ್ಸ್’ನಲ್ಲಿ, ಎಲ್ ಮತ್ತು ಡಿ ಒಂದಾದ ಮೇಲೊಂದು ಬರುವ ಯಾವುದೇ ಸರಪಣಿ ಹೇಗೆಲ್ಲ ಸುತ್ತಿಕೊಳ್ಳಬಲ್ಲದು ಎಂದು ನಕ್ಷೆಯ ತರ್ಕದಿಂದಲೇ ವಿವರಿಸಿದರು. ಡಿ ರೂಪದ ನಕ್ಷೆ ಎಂದರೆ ಎಲ್ ರೂಪದ ನಕ್ಷೆಯನ್ನು ತಲೆಕೆಳಗು ಮಾಡಿದ್ದು. ಎರಡೂ ಸರದಿಯಂತೆ ಬಂದರೆ ಸರಪಣಿಯ ಬೆನ್ನು ಒಳಮುಖವಾಗಿ ಕೊಳವೆಯಾಗುತ್ತದೆ, ಪಕ್ಕದ ಕೊಂಬೆಗಳೆಲ್ಲ ಹೊರಗಿನ ಎಣ್ಣೆಯ ಕಡೆ ಚಾಚುತ್ತವೆ. ಹೈಡ್ರೊಜನ್ ಬಂಧಗಳೆಲ್ಲ ಸರಪಣಿಯೊಳಗೇ ಮುಗಿಯುತ್ತವೆ. ಒಳಗಿನ ತೂತು ಒಂದು ಅಯಾನು ಹಿಡಿಸುವಷ್ಟು. ಸುರುಳಿ ಯಾವ ಕೈಯದು ಎಂಬುದು ನಂತರದ ಅಳತೆಗಳಿಂದ ತೀರ್ಮಾನವಾಯಿತು, ಆದರೆ ಕೊಳವೆಯ ತತ್ತ್ವ ಹಾಗೆಯೇ ಉಳಿಯಿತು.

ಗ್ರಾಮಿಸಿಡಿನ್ ಮಣ್ಣಿನ ಜೀವಿಯೊಂದರ ಆಯುಧ ಅಷ್ಟೇ. ನಮ್ಮ ದೇಹದಲ್ಲಿ ಡಿ ರೂಪದ ಕೊಂಡಿಗಳಿಂದ ಪ್ರೋಟೀನ್ ಕಟ್ಟುವ ವ್ಯವಸ್ಥೆಯೇ ಇಲ್ಲ. ಹಾಗಾಗಿ ಇದೊಂದು ಕುತೂಹಲದ ಸಂಗತಿಯಾಗಿ ಉಳಿದುಹೋಗಬಹುದಿತ್ತು.

1998ರಲ್ಲಿ ರಾಡ್ರಿಕ್ ಮೆಕಿನನ್ ಪೊಟ್ಯಾಸಿಯಂ ಬಾಗಿಲಿನ ರಚನೆಯನ್ನು ಬಿಡಿಸಿದರು. ನರದ ಸಂಕೇತ ಮುಗಿದ ಮೇಲೆ ನರವನ್ನು ಮತ್ತೆ ಸಿದ್ಧ ಮಾಡುವುದು, ಹೃದಯದ ಪ್ರತಿ ಬಡಿತದ ನಂತರ ಸ್ನಾಯುವನ್ನು ಸಡಿಲಿಸುವುದು ಈ ಬಗೆಯ ಬಾಗಿಲುಗಳ ಕೆಲಸ. ಸೋಡಿಯಂ ಅಯಾನು ಪೊಟ್ಯಾಸಿಯಂಗಿಂತ ಚಿಕ್ಕದು. ಆದರೂ ಈ ಬಾಗಿಲು ದೊಡ್ಡದನ್ನು ಬಿಟ್ಟು ಚಿಕ್ಕದನ್ನು ತಡೆಯುತ್ತದೆ: ಹತ್ತು ಸಾವಿರ ಪೊಟ್ಯಾಸಿಯಂ ದಾಟಿದರೆ ಸೋಡಿಯಂ ದಾಟುವುದು ಹೆಚ್ಚೆಂದರೆ ಒಂದು. ಗುಟ್ಟು ಹೊಸ್ತಿಲಲ್ಲಿದೆ. ಅಲ್ಲಿ ಸರಪಣಿಯ ಬೆನ್ನಿನ ಆಮ್ಲಜನಕಗಳು ಒಳಮುಖವಾಗಿ ವೃತ್ತಗಳಾಗಿ ನಿಂತಿವೆ. ನೀರನ್ನು ಕಳಚಿಕೊಂಡು ಬಂದ ಪೊಟ್ಯಾಸಿಯಂಗೆ ಆ ವೃತ್ತ ಸರಿಯಾಗಿ ಹೊಂದುತ್ತದೆ. ಸೋಡಿಯಂಗೆ ಸಡಿಲವಾಗುತ್ತದೆ, ಹಾಗಾಗಿ ಅದು ತನ್ನ ನೀರನ್ನು ಬಿಟ್ಟು ಬರುವುದಿಲ್ಲ.

ಆಮ್ಲಜನಕಗಳೆಲ್ಲ ಒಂದೇ ಕಡೆ ಮುಖ ಮಾಡಬೇಕಾದರೆ ಹೊಸ್ತಿಲಿನ ಕೊಂಡಿಗಳು ಬಲ, ಎಡ, ಬಲ, ಎಡ ಎಂದು ತಿರುಗಬೇಕು. ಗ್ರಾಮಿಸಿಡಿನ್ ಇಂಥದ್ದೇ ಕೆಲಸವನ್ನು ಡಿ ರೂಪದಿಂದ ಸಾಧಿಸಿತ್ತು. ಡಿ ಇಲ್ಲದ ನಮ್ಮ ಕೋಶಗಳು ಅಲ್ಲಿ ಗ್ಲೈಸೀನನ್ನು ಇಟ್ಟಿವೆ. ಹೊಸ್ತಿಲಿನ ಗ್ಲೈಸೀನುಗಳು ನಿಂತಿರುವುದು ರಾಮಚಂದ್ರನ್ ನಕ್ಷೆಯ ಆ ಮೂಲೆಯ ಎಡಸುತ್ತಿನ ಭಾಗದಲ್ಲಿ. 2004ರಲ್ಲಿ ವಲಿಯವೀಟಿಲ್, ಮೆಕಿನನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು: ಹೊಸ್ತಿಲಿನ ಒಂದು ಗ್ಲೈಸೀನ್ ತೆಗೆದು ಡಿ ರೂಪದ ಅಲನೀನ್ ಇಟ್ಟು ಬಾಗಿಲನ್ನು ಕಟ್ಟಿದರು. ಬಾಗಿಲು ಕೆಲಸ ಮಾಡಿತು. ಅಂದರೆ ಗ್ಲೈಸೀನ್ ಅಲ್ಲಿ ಡಿ ಅಮೈನೋ ಆಮ್ಲದ ಬದಲಿಯಾಗಿ ನಿಂತಿತ್ತು.

ಕಾವಲಿನ ಖರ್ಚು

ಬಾಗಿಲಿದ್ದರೆ ಸಾಲದು. ತೆರೆದ ಬಾಗಿಲಿನಿಂದ ಅಯಾನುಗಳು ಇಳಿಜಾರಿನ ಕಡೆಗಷ್ಟೇ ಹರಿಯುತ್ತವೆ. ಆ ಇಳಿಜಾರನ್ನು ಕಾಯ್ದುಕೊಳ್ಳಲು ಯಾರಾದರೂ ನೀರೆತ್ತುತ್ತಲೇ ಇರಬೇಕು. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರಗಳಲ್ಲಿ ಕಂಡ ಪಂಪು ಅದು. ಪ್ರತಿ ಸುತ್ತಿಗೆ ಮೂರು ಸೋಡಿಯಂ ಹೊರಕ್ಕೆ, ಎರಡು ಪೊಟ್ಯಾಸಿಯಂ ಒಳಕ್ಕೆ, ಒಂದು ಎಟಿಪಿ ಖರ್ಚು. ಆ ಎಟಿಪಿಯನ್ನು 1929ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರು ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಹಾರ್ವರ್ಡ್ ಸೇರಿದ್ದ ಯಲ್ಲಾಪ್ರಗಡ ಸುಬ್ಬರಾವ್. ನಾವು ಸುಮ್ಮನೆ ಕೂತಿದ್ದಾಗಲೂ ಉಣ್ಣುವ ಅನ್ನದ ಗಣನೀಯ ಪಾಲು ಈ ಪಂಪಿಗೇ ಹೋಗುತ್ತದೆ. ಪಂಪು ನಿಂತರೆ ಕೋಶ ನೀರು ಕುಡಿದು ಉಬ್ಬುತ್ತದೆ, ಒಳಗು ಹೊರಗಿನ ವ್ಯತ್ಯಾಸ ಅಳಿದುಹೋಗುತ್ತದೆ.

ನೀರಿಗೂ ಬೇರೆ ಬಾಗಿಲಿದೆ ಎಂದು 1992ರಲ್ಲಿ ಪೀಟರ್ ಆಗ್ರೆ ತೋರಿಸಿದರು. ಮೆಕಿನನ್ ಮತ್ತು ಆಗ್ರೆ 2003ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ ಲೀಟರಿನಷ್ಟನ್ನು ಬಿಟ್ಟು ಉಳಿದದ್ದನ್ನೆಲ್ಲ ಹಿಂದಕ್ಕೆ ಪಡೆಯುವುದರಲ್ಲಿ ಈ ಬಾಗಿಲುಗಳ ಪಾತ್ರ ದೊಡ್ಡದು. ಚೆನ್ನೈನ ಜನ ಇದರ ಬೆಲೆಯನ್ನು ಬೇರೆ ಬಗೆಯಲ್ಲಿ ಬಲ್ಲರು. 2010ರಿಂದ ಮೀಂಜೂರಿನಲ್ಲಿ, 2013ರಿಂದ ನೆಮ್ಮೇಲಿಯಲ್ಲಿ ಸಮುದ್ರದ ನೀರನ್ನು ಪ್ಲಾಸ್ಟಿಕ್ ಪೊರೆಗಳ ಮೂಲಕ ಒತ್ತಿ ದಿನಕ್ಕೆ ತಲಾ ಹತ್ತು ಕೋಟಿ ಲೀಟರ್ ಸಿಹಿನೀರು ತೆಗೆಯುವ ಸ್ಥಾವರಗಳಿವೆ. ಉಪ್ಪನ್ನು ತಡೆದು ನೀರನ್ನಷ್ಟೇ ಬಿಡುವ ಆ ಕೆಲಸಕ್ಕೆ ದೊಡ್ಡ ದೊಡ್ಡ ಪಂಪುಗಳೂ ಹೇರಳ ವಿದ್ಯುತ್ತೂ ಬೇಕು.

ರಾಮಚಂದ್ರನ್ 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳನ್ನು ಕಾಯಿಲೆ ಕಸಿದುಕೊಂಡಿತ್ತು. ಅಷ್ಟರಲ್ಲಿ ಪೊಟ್ಯಾಸಿಯಂ ಬಾಗಿಲಿನ ರಚನೆ ಪ್ರಕಟವಾಗಿ ಮೂರು ವರ್ಷವಾಗಿತ್ತು, ಗ್ಲೈಸೀನಿನ ಪರೀಕ್ಷೆ ಇನ್ನೂ ಮೂರು ವರ್ಷ ದೂರವಿತ್ತು. ಅವರ ನಕ್ಷೆಯನ್ನು ಹೊಗಳುವಾಗ ಸಾಮಾನ್ಯವಾಗಿ ಅದು ಎಷ್ಟೊಂದನ್ನು ಅಸಾಧ್ಯ ಎಂದು ತಳ್ಳಿಹಾಕಿತು ಎನ್ನುತ್ತಾರೆ. ತಪ್ಪು ರಚನೆಗಳನ್ನು ಹಿಡಿಯಲು ಅದೇ ಉಪಯೋಗ ನಿಜ. ಆದರೆ 1955ರ ಆಕ್ಷೇಪಕ್ಕೆ ಸಿಟ್ಟಾಗದೆ ಅಂತರಗಳನ್ನು ಅಳೆಯಲು ಕೂತವರು, ಯಾರಿಗೂ ಬೇಡವಾದಂತೆ ಕಾಣುತ್ತಿದ್ದ ಮೂಲೆಯ ಪುಟ್ಟ ಜಾಗವನ್ನೂ ಸಾಧ್ಯ ಎಂದೇ ಗುರುತು ಮಾಡಿ ಬಿಟ್ಟಿದ್ದರು. ನಮ್ಮ ಎದೆಬಡಿತವನ್ನು ನಡೆಸುವ ಬಾಗಿಲಿನ ಹೊಸ್ತಿಲು ಆ ಜಾಗದಲ್ಲಿತ್ತು.